ಎಲ್ಲರ ಮುಖವೂ ಬಂದ ಸಿನಿಮಾ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ತಿರುಮಲೇಶನ ಕ್ಯಾಮೆರಾಕ್ಕೆ ಬೀಳದೆ ಮದುವೆಯಾದವರು ಕಡಿಮೆ. ಅವನ ಕೆಲಸಕ್ಕಿದ್ದದ್ದು ಒಂದೇ ನಿಯಮ: ಛತ್ರಕ್ಕೆ ಬಂದವರಲ್ಲಿ ಒಬ್ಬರ ಮುಖವೂ ತಪ್ಪಬಾರದು. ಧಾರೆಯ ಹೊತ್ತಿಗೆ ಹುಡುಗಿಯ ಕಣ್ಣು ತುಂಬಿದ್ದು ತಪ್ಪಿಹೋದರೆ ಯಾರೂ ಕೇಳುವುದಿಲ್ಲ. ಊಟಕ್ಕೆ ಕೂತ ಸೋದರಮಾವ ವಿಡಿಯೋದಲ್ಲಿ ಕಾಣಲಿಲ್ಲವೋ, ಎರಡು ಮನೆಗಳ ನಡುವೆ ಮಾತೇ ನಿಂತುಹೋಗುತ್ತದೆ. ಹಾಗಾಗಿ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ, ಬಾಯಲ್ಲಿ ಲಾಡು ತುರುಕಿಕೊಂಡವರನ್ನೂ ಬಿಡದೆ ಸೆರೆಹಿಡಿಯುವುದು ಅವನಿಗೆ ರೂಢಿಯಾಗಿತ್ತು. ಈ ಹಾಳು ರೂಢಿಯೇ ಅವನನ್ನು ಮುಳುಗಿಸಿತು.

ಸಿನಿಮಾ ಹುಚ್ಚು ಹಳೆಯದು, ಕಥೆ ಮನೆಯದೇ. ಅಕ್ಕ ಲಕ್ಷ್ಮೀನರಸಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ದಿನವೆಲ್ಲ ಬಿಸಿನೀರಲ್ಲಿ ಬೆರಳಾಡಿಸಿ ತುದಿಯ ಚರ್ಮವೆಲ್ಲ ಸುಲಿದುಹೋಗಿದೆ. ಅಂಥ ಹೆಂಗಸೊಬ್ಬಳ ಕಥೆ ಬರೆದು ಅಕ್ಕನನ್ನೇ ಹೀರೋಯಿನ್ ಮಾಡಿದ. ಮದುವೆಯ ಕ್ಯಾಮೆರಾ, ಆರತಕ್ಷತೆಯ ಲೈಟು, ರಜೆ ಸಿಕ್ಕ ದಿನ ಶೂಟಿಂಗು.

ಕೊನೆಯ ದೃಶ್ಯವನ್ನು ಅಕ್ಕನ ಅಡುಗೆಮನೆಯಲ್ಲೇ ತೆಗೆದ. ಕೆಲಸದಿಂದ ಬಂದ ತಾಯಿ ಉಣ್ಣಲು ಕೂರುತ್ತಾಳೆ. ಬಿಸಿ ಸಾರು ತಗುಲಿ ಬೆರಳು ಉರಿಯುತ್ತದೆ, ಕಲಸಲಾಗದೆ ಕೈ ಹಿಂದಕ್ಕೆ ತೆಗೆಯುತ್ತಾಳೆ, ಮಗಳು ಎದ್ದು ಬಂದು ತುತ್ತು ಇಡುತ್ತಾಳೆ. ಲಕ್ಷ್ಮೀನರಸಮ್ಮ ಕ್ಯಾಮೆರಾ ಇರುವುದನ್ನೇ ಮರೆತು ಅತ್ತುಬಿಟ್ಟಳು. ಕ್ಯಾಮೆರಾ ಹಿಂದೆ ತಿರುಮಲೇಶನೂ ಅತ್ತ. ತುಂಬಿದ ಟಾಕೀಸಿನಲ್ಲಿ ಜನ ಇದೊಂದನ್ನು ನೋಡಿದರೆ ಸಾಕು, ಹುಟ್ಟಿದ್ದು ಸಾರ್ಥಕ ಎಂದುಕೊಂಡ.

ಆದರೆ ಸಿನಿಮಾ ಒಬ್ಬನಿಂದ ಆಗುವುದಿಲ್ಲವಲ್ಲ. ಪೆರೇಸಂದ್ರದ ದೊಡ್ಡಪ್ಪ ಜಯರಾಮಪ್ಪ ಟ್ರಾಕ್ಟರು, ಕೊಟ್ಟಿಗೆ ಎಲ್ಲ ಬಿಟ್ಟುಕೊಟ್ಟರು. ಹಾಗೆಯೇ ತಾವೂ ಬಿಳಿ ಪಂಚೆಯುಟ್ಟು ಕ್ಯಾಮೆರಾ ಮುಂದೆ ನಿಂತರು. ಅವರ ಹಿಂದೆಯೇ ನೆಂಟರಿಷ್ಟರೆಲ್ಲ ತಲೆ ಬಾಚಿಕೊಂಡು ಬಂದರು.

ಎಡಿಟಿಂಗಿಗೆ ಕೂತವಳು ಅವನ ಸ್ಟುಡಿಯೋದಲ್ಲೇ ಕೆಲಸಕ್ಕಿರುವ ತನುಜ.

"ಅಣ್ಣ, ಈ ಯಜಮಾನ್ರು ಟ್ರಾಕ್ಟರ್ ಇಳಿಯೋದನ್ನೇ ಎಷ್ಟೊತ್ತು ತೋರ್ಸೋದು? ಕಟ್ ಮಾಡ್ತೀನಿ."

"ಬೇಡ ಕಣಮ್ಮ. ಅವ್ರು ನಮ್ ದೊಡ್ಡಪ್ಪ."

"ಇಲ್ಲಿ ಸುಮ್ನೆ ಸಾಲಾಗಿ ನಿಂತವ್ರಲ್ಲ, ಇವ್ರು?"

"ದೊಡ್ಡಪ್ಪನ ಬೀಗರು."

ತನುಜ ಮೌಸ್ ಬಿಟ್ಟು ಕೈಕಟ್ಟಿ ಕೂತಳು. "ಇದು ಸಿನಿಮಾನೇ ಅಲ್ಲಣ್ಣ, ಮದುವೆ ವಿಡಿಯೋ."

ಅವನಿಗೂ ಅದು ಗೊತ್ತಿತ್ತು. ಆದರೆ ಯಾರನ್ನು ತೆಗೆದು ಯಾರ ಮನೆ ಮುಂದೆ ಹೇಗೆ ಓಡಾಡುವುದು? ಕೊನೆಗೆ ದೊಡ್ಡ ಉಪಾಯವೆಂಬಂತೆ ಆ ಮುಖಗಳನ್ನೆಲ್ಲ ಇಂಟರ್ವೆಲ್ಲಿಗೆ ಮುಂಚೆಯೇ ತುಂಬಿಸಿದ. ಆಮೇಲಿನದ್ದು ಪೂರಾ ಅಕ್ಕನ ಕಥೆ.

ಚಿಕ್ಕಬಳ್ಳಾಪುರದ ಟಾಕೀಸೊಂದರಲ್ಲಿ ಬೆಳಗಿನ ಆಟ ಸಿಕ್ಕಿತು. "ಶುಕ್ರವಾರ ಜನ ಕೊನೇವರೆಗೂ ಕೂತ್ರೆ ವಾರ ಓಡಿಸ್ತೀನಿ. ಇಲ್ಲಾಂದ್ರೆ ಶನಿವಾರದಿಂದ ತೆಲುಗು ಪಿಕ್ಚರ್ ಹಾಕ್ತೀನಪ್ಪ" ಎಂದರು ಮ್ಯಾನೇಜರು.

ಶುಕ್ರವಾರ ನೆಂಟರನ್ನು ತುಂಬಿಕೊಂಡು ಟೆಂಪೋಗಳು ಬಂದವು. ಟಾಕೀಸು ತುಂಬಿತು! ಜಯರಾಮಪ್ಪ ಟ್ರಾಕ್ಟರಿನಿಂದ ಇಳಿದಾಗ ಮೊಮ್ಮಕ್ಕಳು ಸೀಟಿನ ಮೇಲೆ ಹತ್ತಿ ಕುಣಿದವು. ಒಂದೊಂದು ಮುಖಕ್ಕೂ ಒಂದೊಂದು ಶಿಳ್ಳೆ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ತಿರುಮಲೇಶನ ಎದೆ ಉಬ್ಬಿಹೋಗಿತ್ತು.

ಇಂಟರ್ವೆಲ್ಲಿನಲ್ಲಿ ಎಲ್ಲರೂ ಪೋಸ್ಟರಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಜಯರಾಮಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಬಾಗುಂದಿ ಕಣಪ್ಪ! ಎಷ್ಟು ಚೆನ್ನಾಗಿ ತೆಗ್ದಿದೀಯ. ಬರ್ತೀವಿ, ಹಸುಗೆ ನೀರು ಕುಡಿಸ್ಬೇಕು."

"ದೊಡ್ಡಪ್ಪ, ಇನ್ನೂ ಅರ್ಧ ಸಿನಿಮಾ ಐತೆ."

"ಅದ್ರಲ್ಲಿ ನಾವು ಬರ್ತೀವೇನೋ?"

"ಇಲ್ಲ."

"ಮತ್ತೆ?" ಎಂದರು ಜಯರಾಮಪ್ಪ, ನಿಜವಾಗಿಯೂ ಅರ್ಥವಾಗದೆ.

ಅವರನ್ನು ಬೈಯುವುದು ಹೇಗೆ? ಮದುವೆ ವಿಡಿಯೋವನ್ನು ಜನ ನೋಡುವುದೇ ಹಾಗೆ. ಹಾಗೆ ನೋಡುವುದನ್ನು ಕಲಿಸಿದವನೂ ಅವನೇ. ಟೆಂಪೋಗಳು ಒಂದರ ಹಿಂದೊಂದು ಹೊರಟುಹೋದವು. ಒಳಗೆ ಉಳಿದವರು ಅಕ್ಕ ತಮ್ಮ ಇಬ್ಬರೇ.

ಸಿನಿಮಾ ಮುಗಿಯಲು ಸ್ವಲ್ಪವೇ ಇರುವಾಗ ಆಪರೇಟರ್ ಗಂಗರಾಜು ಕೆಳಗಿಳಿದು ಬಂದ. "ಸಾರ್, ಜನಾನೇ ಇಲ್ವಲ್ಲ. ನಿಲ್ಲಿಸ್ಬಿಡು ಅಂತಾವ್ರೆ ಮ್ಯಾನೇಜರು."

ತಿರುಮಲೇಶ ಬಾಯಿ ತೆರೆಯುವ ಮೊದಲೇ ಲಕ್ಷ್ಮೀನರಸಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಿಲ್ಲಿಸಪ್ಪ. ನಮ್ಮಿಬ್ರಿಗೋಸ್ಕರ ಯಾಕೆ ಕರೆಂಟು ದಂಡ?"

"ಅಕ್ಕ, ಈಗ್ಲೇ ಬರೋದು ನಿನ್ನ ಸೀನು. ಕೂತ್ಕೋ."

"ನಮ್ಮನೆ ಅಡುಗೆಮನೆ ನಾನು ನೋಡಿಲ್ವೇನೋ? ಬಾ, ಹೋಗಣ."

ಆ ಹೆಂಗಸಿಗೆ ತಮ್ಮನ ಅವಮಾನ ನೋಡಲಾಗಲಿಲ್ಲ, ಅಷ್ಟೇ. ತಿರುಮಲೇಶನಿಗೆ ಕೂಗಾಡಬೇಕೆನಿಸಿತು. ಖಾಲಿ ಸೀಟುಗಳ ಮೇಲೆ ಕೂಗಾಡಿ ಏನು ಪ್ರಯೋಜನ? ಗಂಗರಾಜುವಿಗೆ ತಲೆಯಾಡಿಸಿದ. ಪರದೆ ಆರಿತು.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದರು. ಶಿಡ್ಲಘಟ್ಟದ ಬಸ್ಸು ಬಂತು. ಲಕ್ಷ್ಮೀನರಸಮ್ಮ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟವಳು ಹಿಂತಿರುಗಿ, ನಾಚಿಕೊಂಡು ಕೇಳಿದಳು:

"ಕೊನೇದು ಚೆನ್ನಾಗಿ ಬಂದಿತ್ತೇನೋ?"

"ಬಂದಿತ್ತಕ್ಕ" ಎಂದ ತಿರುಮಲೇಶ.