ಜರ್ಮನ್ನಿನಲ್ಲಿ ನನ್ನ ಹೆಸರು

ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಆರಿಹೋಗುವುದಕ್ಕೆ ನನ್ನ ಮಂದ ಕಿವಿಯಷ್ಟೇ ಕಾರಣವಲ್ಲ, ನನ್ನನ್ನು ಕರೆಯುವ ಪದ್ಧತಿಯೂ ಕಾರಣ. ಅಡುಗೆಮನೆಯಿಂದ ನನ್ನ ಹೆಂಡತಿ ಶಾರದೆ "ಕೇಳ್ತಾ?" ಎನ್ನುತ್ತಾಳೆ. ಆ ಪ್ರಶ್ನೆ ನನಗೋ, ಅಂಗಳದ ಬೆಕ್ಕಿಗೋ, ಬೇಲಿಯಾಚೆಯ ಪಕ್ಕದ ಮನೆಯಾಕೆಗೋ ಎಂದು ನಾನು ನಿರ್ಧರಿಸುವಷ್ಟರಲ್ಲಿ ಲೋಟದಲ್ಲಿ ಕೆನೆ ಕಟ್ಟಿರುತ್ತದೆ. ಗಂಡನ ಹೆಸರು ಹೇಳಬಾರದೆಂಬ ನಿಯಮವನ್ನು ಆಕೆ ಶೃಂಗೇರಿಯ ತವರಿನಿಂದ ತಂದದ್ದು. ಜೊತೆಗೆ ತಂದ ಬೆಳ್ಳಿ ಪಾತ್ರೆಗಳಿಗಿಂತಲೂ ಜೋಪಾನವಾಗಿ ಅದು ನಮ್ಮ ಕೊಪ್ಪದ ಮನೆಯಲ್ಲಿ ಉಳಿದುಬಂದಿದೆ.

ನನ್ನ ಹೆಸರು ನರಸಿಂಹ. ಪಕ್ಕದ ನರಸಿಂಹರಾಜಪುರವನ್ನು ಊರವರೆಲ್ಲ ಎನ್.ಆರ್. ಪುರವೆಂದು ಮೊಟಕುಗೊಳಿಸಿರುವುದು ತನ್ನ ಅನುಕೂಲಕ್ಕೆಂದೇ ಶಾರದೆ ನಂಬಿರುವಂತಿದೆ. ಒಮ್ಮೆ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದ ಹುಡುಗಿಗೆ, "ಎನ್.ಆರ್. ಪುರ ಉಂಟಲ್ಲ ಮಾರಾಯ್ತಿ, ಅದರ ಮೊದಲಿನದು" ಎಂದಳು. ಹುಡುಗಿ ನಿಷ್ಠೆಯಿಂದ 'ಎನ್' ಎಂದಷ್ಟೇ ಬರೆದುಕೊಂಡಳು. ನಾನೂ ತಿದ್ದಲು ಹೋಗಲಿಲ್ಲ.

ತಮಾಷೆ ಹಾಗಿರಲಿ. ವಯಸ್ಸಾದಂತೆ ಮನುಷ್ಯನ ಹೆಸರು ಸವೆಯುತ್ತ ಹೋಗುವುದನ್ನು ನೀವು ಗಮನಿಸಿದ್ದೀರಾ? ಕಾಲೇಜಿನಲ್ಲಿ ಪಾಠ ಹೇಳಿದ ತಪ್ಪಿಗೆ ನಾನು ಪೇಟೆಯಲ್ಲೆಲ್ಲ 'ಸರ್'; ನೆಂಟರ ನಡುವೆ ಭಾವ, ಮಾವ, ಈಚೆಗೆ ಅಜ್ಜ. 'ನರಸಿಂಹ' ಎಂದು ಬಾಯ್ತುಂಬ ಕರೆಯುತ್ತಿದ್ದ ಅಮ್ಮ ಹೋದಳು, ಅಣ್ಣನೂ ಹೋದ. ಆಮೇಲೆ ಹಾಗೆ ಕರೆಯಲು ಯಾರೂ ಉಳಿಯಲಿಲ್ಲ. ಒಮ್ಮೆಯಾದರೂ ಶಾರದೆಯ ಬಾಯಲ್ಲಿ ನನ್ನ ಹೆಸರು ಕೇಳಬೇಕೆಂಬ ಆಸೆ ನನಗೆ ಬಹಳವಾಗಿತ್ತು. ಹೇಳು ಎಂದು ಬಾಯಿಬಿಟ್ಟು ಕೇಳಲು ಈ ವಯಸ್ಸಿನಲ್ಲಿ ನಾಚಿಕೆ.

ಅಷ್ಟರಲ್ಲಿ ಜರ್ಮನ್ ಬಂತು. ಬಾಳೆಹೊನ್ನೂರಿನ ರಮ್ಯಾ ಎಂಬ ಹುಡುಗಿ, ಜರ್ಮನಿಗೆ ಕೆಲಸಕ್ಕೆ ಹೊರಟ ನರ್ಸುಗಳಿಗೆ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಕೋಣೆಯಲ್ಲಿ ಭಾಷೆ ಕಲಿಸತೊಡಗಿದಳು. "ಮನೇಲಿ ಕೂತು ಮೊಬೈಲ್ ಉಜ್ಜೋದಕ್ಕಿಂತ ಅಲ್ಲಿಗಾದ್ರೂ ಹೋಗುವ" ಎಂದು ಶಾರದೆ ಇಬ್ಬರನ್ನೂ ಸೇರಿಸಿದಳು. ಸಂಸ್ಕೃತ ಬಲ್ಲವನಿಗೆ ಜರ್ಮನ್ ಕರತಲಾಮಲಕವೆಂದು ಬೀಗುತ್ತ ಹೋದ ನಾನು, ಆ ಭಾಷೆಯ 'ನಾನು' ಆದ 'ಇಶ್' ಎಂಬುದನ್ನು ಉಚ್ಚರಿಸಿದಾಗಲೆಲ್ಲ ಕೋಳಿ ಅಟ್ಟಿದಂತೆ ಕೇಳಿಸುತ್ತಿತ್ತಂತೆ.

ಮೊದಲ ಪಾಠವೇ ಆತ್ಮಪರಿಚಯ. ಕೊಪ್ಪದಲ್ಲಿ ನಮ್ಮ ಪರಿಚಯವನ್ನು ಇತರರೇ, ನಮಗೆ ತಿಳಿದಿರುವುದಕ್ಕಿಂತ ವಿಸ್ತಾರವಾಗಿ, ಮಾಡಿಕೊಡುವುದರಿಂದ ನಮಗಿಬ್ಬರಿಗೂ ಆ ಅಭ್ಯಾಸವೇ ಇರಲಿಲ್ಲ. ಆದರೂ ಶಾರದೆ ಎದ್ದು ನಿಂತು "ಇಶ್ ಹೈಸೆ ಶಾರದಾ" ಎಂದು ತನ್ನ ಹೆಸರು ಹೇಳಿದಳು. ಹುಟ್ಟಿದೂರು ಶೃಂಗೇರಿ, ಇರುವುದು ಕೊಪ್ಪ ಎಂಬುದೂ ನಿರಾತಂಕವಾಗಿ ಮುಗಿಯಿತು. ಮುಂದಿನದು ಗಂಡನ ಹೆಸರು. "ಮೈನ್ ಮಾನ್ ಹೈಸ್ಟ್...", ಅಂದರೆ 'ನನ್ನ ಗಂಡನ ಹೆಸರು', ಎಂದವಳು ಅಲ್ಲಿಗೇ ನಿಂತು, ನನ್ನತ್ತ ಕೈತೋರಿಸಿದಳು.

"ತೋರಿಸಿದ್ರೆ ಆಗಲ್ಲ ಶಾರದಮ್ಮ, ಹೇಳ್ಬೇಕು" ಎಂದಳು ರಮ್ಯಾ.

ನರ್ಸುಗಳೆಲ್ಲ ತಿರುಗಿ ನೋಡಿದರು. ನಾನು ಕಿಟಕಿಯಾಚೆಯ ಶೃಂಗೇರಿ ಬಸ್ಸನ್ನು ಅತ್ಯಾಸಕ್ತಿಯಿಂದ ವೀಕ್ಷಿಸುವವನಂತೆ ನಟಿಸಿದೆ. ಈಗ ತಪ್ಪಿದರೆ ಇನ್ನೆಂದೂ ಇಲ್ಲವೆಂದು ನನಗೆ ಗೊತ್ತಿತ್ತು.

ಶಾರದೆ ಸೆರಗು ಸರಿಮಾಡಿಕೊಂಡು, ಗೋಡೆಯ ಮೇಲಿದ್ದ ಜರ್ಮನಿಯ ನಕ್ಷೆಯನ್ನು ನೋಡುತ್ತ, "ಮೈನ್ ಮಾನ್ ಹೈಸ್ಟ್ ನರಸಿಂಹ" ಎಂದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿಬಂತು. ನನ್ನ ಸರದಿ ಬಂದಾಗ ಕಲಿತದ್ದೆಲ್ಲ ಮರೆತು, ಸಂಸ್ಕೃತವೂ ಕೈಕೊಟ್ಟು, ಕನ್ನಡದಲ್ಲೇ ಹೆಸರು ಹೇಳಿ ಕೂತುಬಿಟ್ಟೆ.

ಮೆಟ್ಟಿಲಿಳಿಯುವಾಗ "ಅಂತೂ ಹೇಳಿಬಿಟ್ಟೆ" ಎಂದೆ.

"ನಾನೆಲ್ಲಿ ಹೇಳಿದ್ದು? ಅದು ಜರ್ಮನ್. ಅದು ಲೆಕ್ಕಕ್ಕಿಲ್ಲ" ಎಂದಳು.

ಶಾಸ್ತ್ರಕ್ಕೂ ಸ್ನೇಹಕ್ಕೂ ಇಷ್ಟು ಸರಳವಾದ ಸಂಧಿಯನ್ನು ನಾನು ಯಾವ ಗ್ರಂಥದಲ್ಲೂ ಕಂಡಿರಲಿಲ್ಲ. ಕೆಳಗಿನ ಬೇಕರಿಯಲ್ಲಿ ಒಂದೊಂದು ಬನ್ನು ತಿಂದು ಮನೆಗೆ ನಡೆದೆವು.

ಕನ್ನಡದಲ್ಲಿ ನಾನು ಈಗಲೂ 'ಕೇಳ್ತಾ'ನೇ. ಆದರೆ ಎರಡು ಸಲ ಕರೆದರೂ ಏಳದಿದ್ದರೆ ಅಡುಗೆಮನೆಯಿಂದ ಪೂರ್ತಿ ವಾಕ್ಯವೇ ಹೊರಡುತ್ತದೆ, ಬಿಡಿಯಾಗಿ ಹೆಸರು ಹೇಳುವಂತಿಲ್ಲವಲ್ಲ: "ಮೈನ್ ಮಾನ್ ಹೈಸ್ಟ್ ನರಸಿಂಹ, ಕಾಫಿ ಆರ್ತಾ ಉಂಟು."

ಹೀಗಾಗಿ ನಮ್ಮ ಮನೆಯಲ್ಲಿ ಕಾಫಿ ಇಂದಿಗೂ ಆರಿಹೋಗುತ್ತದೆ. ಮೊದಲ ಕರೆ ನನಗೆ ಚೆನ್ನಾಗಿಯೇ ಕೇಳಿಸಿರುತ್ತದೆ.