ಅತ್ತಿಗೆ ಹುಡುಕುತ್ತಿದ್ದ ಡಬ್ಬಿ

ಅತ್ತಿಗೆಯ ಬಲಗೈ ತೋರುಬೆರಳ ತುದಿ ಹಳದಿಗಟ್ಟಿ ಗಟ್ಟಿಯಾಗಿತ್ತು. ಬೆಸುಗೆಯ ಕಡ್ಡಿ ತಾಗಿ ತಾಗಿ ಅಲ್ಲಿ ಬಿಸಿಯ ಅರಿವೇ ಹೋಗಿತ್ತು. ಕಾವಲಿಯ ಮೇಲಿನ ದೋಸೆಯ ಅಂಚನ್ನು ಆ ಬೆರಳಿಂದಲೇ ಎಬ್ಬಿಸುತ್ತಿದ್ದರು. ನೋಡುವ ನಮಗೆ ಮೈ ಜುಮ್ಮೆನ್ನುತ್ತಿತ್ತು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಣ್ಣನನ್ನು ಮದುವೆಯಾಗಿ ಬಂದವರು ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಅಂಗಡಿ ಹಾಕಿದರು. ಮೊದಲು ಸ್ಟೆಬಿಲೈಸರ್ ರಿಪೇರಿ, ಆಮೇಲೆ ಐಸ್ ಪ್ಲಾಂಟುಗಳಿಗೆ ಡಬ್ಬಿ. ಮಂಜುಗಡ್ಡೆ ಮಾಡುವ ಯಂತ್ರದ ಪೈಪುಗಳಲ್ಲಿ ಅಮೋನಿಯಾ ಓಡುತ್ತದೆ. ಅದರ ಒತ್ತಡ ಮಿತಿ ಮುಟ್ಟಿದರೆ ಯಂತ್ರವನ್ನು ನಿಲ್ಲಿಸುವುದು ಈ ಡಬ್ಬಿಯ ಕೆಲಸ. ಒಳಗೊಂದು ಪುಟ್ಟ ಚಿಪ್, ಹೊರಗೆ ಹಸಿರು ಅಂಕೆ. ಗಂಡನ ಮನೆ ಬಿಟ್ಟು ಬಂದ ನನ್ನನ್ನು ಊರಿಡೀ ವಿಚಾರಿಸುತ್ತಿದ್ದಾಗ, ಅತ್ತಿಗೆ ಏನೂ ವಿಚಾರಿಸದೆ ಬೆಸುಗೆಯ ಕಡ್ಡಿ ಕೈಗೆ ಕೊಟ್ಟು, “ಇದ್ ಹಿಡಿ ಹೆಣೆ, ಸೌಟಿಗಿಂತ ಹಗೂರ” ಅಂದರು. ನಾನು ಇವತ್ತು ಉಣ್ಣುವ ಅನ್ನ ಅವರು ಕೊಟ್ಟದ್ದು.

ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿನ ಜೊತೆ ಒಂದು ದಪ್ಪ ಕೈಪಿಡಿ ಬಂದಿತ್ತು. ಅದಕ್ಕೂ ಅತ್ತಿಗೆಗೂ ಎಣ್ಣೆ ಸೀಗೆಕಾಯಿ. ಯಾವ ಪುಟ ತೆರೆದರೂ ‘ಸಂಬಂಧಪಟ್ಟ ಅಧ್ಯಾಯ ನೋಡಿ’ ಎಂದಿರುತ್ತಿತ್ತು, ಆ ಅಧ್ಯಾಯವೇ ಇರುತ್ತಿರಲಿಲ್ಲ. “ಇದ್ ಬರ್ದವ್ನ ಹತ್ರ ಉಪ್ಪ್ ಎಲ್ಲಿತ್ತ್ ಕೇಂಡ್ರೆ, ಸಂಬಂಧಪಟ್ಟ ಭರಣಿ ಕಾಣಿ ಅಂತ” ಎಂದು ಬೈದು, ಮತ್ತೆ ಅದನ್ನೇ ತಿರುವಿ ಹಾಕುತ್ತಿದ್ದರು.

ಒಂದು ಏಪ್ರಿಲಿನ ಮಧ್ಯಾಹ್ನ ಬೈಂದೂರು ಕಡೆಯ ಪ್ಲಾಂಟಿನ ಆಪರೇಟರ್ ಫೋನ್ ಮಾಡಿದ. ಅವನ ದೊಡ್ಡ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

“ಅಕ್ಕ, ನಿಮ್ಮ್ ಡಬ್ಬಿ ಭಾರಿ ಲಾಯ್ಕಿತ್ತ್! ಇಷ್ಟ್ ಸೆಕೆ ಇದ್ರೂ ಪ್ರೆಶರ್ ತನ್ನಷ್ಟಕ್ಕೇ ಇಳ್ದಿತ್ತ್ ಕಾಣಿ.”

ಅತ್ತಿಗೆಯ ಮುಖ ಬಿಳುಚಿತು. ಡಬ್ಬಿ ಒತ್ತಡವನ್ನು ಅಳೆಯಬಲ್ಲದು, ಯಂತ್ರವನ್ನು ನಿಲ್ಲಿಸಬಲ್ಲದು. ಒತ್ತಡವನ್ನು ಇಳಿಸಲಾರದು.

“ಪೈಪಿನ್ ಮೇಲಿನ್ ಮುಳ್ಳಿನ್ ಮೀಟರ್ ಎಂತ ತೋರ್ಸತ್ತ್?”

“ಅದ್ ಹಾಳಾಯ್ತ್ ಅಕ್ಕ. ಕೆಂಪ್ ಗೀಟ್ ದಾಟಿ ನಿಂತಿತ್ತ್. ಗೋಣಿ ಮುಚ್ಚಿಟ್ಟೆ.”

“ಮಿಷನ್ ಬಂದ್ ಮಾಡಿ! ಈಗ್ಲೇ! ಎಲ್ರನ್ನೂ ಹೊರ್ಗೆ ಕಳ್ಸಿ!”

“ಎಂತಕ್ಕೆ ಅಕ್ಕ?” ಅಂದದ್ದು ಕೇಳಿಸಿತು. ಆಮೇಲೆ ಲೈನು ಹೋಯಿತು. ಮತ್ತೆಷ್ಟು ತಿರುಗಿಸಿದರೂ ಸಿಗಲಿಲ್ಲ.

ಅತ್ತಿಗೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೈಂದೂರಿಗೆ ಹೊರಟೆ. ಪ್ಲಾಂಟ್ ಕಾಣುವ ಮೊದಲೇ ಕಣ್ಣು ಉರಿಯತೊಡಗಿತು. ಕೆಲಸದವರು ರಸ್ತೆಯಾಚೆ ಒದ್ದೆ ಬೈರಾಸನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದರು. ಅವರನ್ನೆಲ್ಲ ಹೊರಗೆ ಕಳಿಸಿ, ಯಂತ್ರ ನಿಲ್ಲಿಸಿ, ಕೊನೆಗೆ ಹೊರಟ ಆಪರೇಟರನ ಮುಖದೆದುರೇ ಪೈಪಿನ ಜಾಯಿಂಟು ಬಿಟ್ಟಿತ್ತು. ಅವನ ಎಡಗಣ್ಣು ಮತ್ತೆ ಸರಿಯಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನೇ ಅತ್ತಿಗೆಗೆ ಸಮಾಧಾನ ಹೇಳಿದ. “ನಿಮ್ಮ್ ಡಬ್ಬಿದ್ ಎಂತ ತಪ್ಪಿಲ್ಲೆ ಅಕ್ಕ. ಪೈಪ್ ಹಳ್ತ್.”

“ಪೈಪ್ ಅಲ್ಲ, ನನ್ ಲೆಕ್ಕ” ಅಂದರು ಅತ್ತಿಗೆ.

ತಪ್ಪು ಸಿಕ್ಕಿದ್ದು ಒತ್ತಡವನ್ನು ಅಂಕೆಗೆ ತಿರುಗಿಸುವ ಒಂದು ಗುಣಾಕಾರದಲ್ಲಿ. ಉತ್ತರ ಇಡಲು ಅತ್ತಿಗೆ ಚಿಪ್ಪಿನಲ್ಲಿ ದೊಡ್ಡ ಜಾಗವನ್ನೇ ಕೊಟ್ಟಿದ್ದರು. ಆದರೆ ಆ ಕಂಪೈಲರ್ ಗುಣಿಸುವ ಕೆಲಸವನ್ನು ಚಿಕ್ಕ ಜಾಗದಲ್ಲಿ ಮುಗಿಸಿ, ಅಲ್ಲಿ ಉಳಿದದ್ದನ್ನಷ್ಟೇ ದೊಡ್ಡದಕ್ಕೆ ಸಾಗಿಸುತ್ತಿತ್ತು. ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಬರುವ ಹಾಗೆ, ಒತ್ತಡ ಮಿತಿಯ ಹತ್ತಿರ ಬಂದೊಡನೆ ಅಂಕೆ ಮತ್ತೆ ಕೆಳಗಿಂದ ಶುರುವಾಗುತ್ತಿತ್ತು. ಮಿತಿ ಮುಟ್ಟುವುದೇ ಇಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಅಂಗಡಿಯಲ್ಲಿ ಅಷ್ಟು ಒತ್ತಡ ಕೊಟ್ಟು ನೋಡುವ ಸಲಕರಣೆ ನಮ್ಮಲ್ಲಿರಲಿಲ್ಲ. ಕೈಪಿಡಿಯಲ್ಲಿ ಇದಕ್ಕೆ ಇದ್ದದ್ದು ಒಂದೇ ಸಾಲು: ‘ಫಲಿತಾಂಶ ಸಂದರ್ಭಕ್ಕೆ ತಕ್ಕಂತೆ ಇರುತ್ತದೆ.’ ಅದನ್ನೋದಿ ಅತ್ತಿಗೆ ಈ ಸಲ ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಕೊಟ್ಟ ಡಬ್ಬಿಗಳನ್ನೆಲ್ಲ ವಾಪಸು ತಂದು ಅಂಗಳದಲ್ಲಿ ಕಲ್ಲು ಹಾಕಿ ಒಡೆದರು. ಒಂದು ಮಾತ್ರ ಸಿಗಲಿಲ್ಲ. ಬ್ರಹ್ಮಾವರ ಕಡೆಯ ಆ ಪ್ಲಾಂಟು ಮುಚ್ಚಿಹೋಗಿ, ಯಂತ್ರದ ಜೊತೆ ಡಬ್ಬಿಯೂ ಲಾರಿ ಹತ್ತಿ ಉತ್ತರಕ್ಕೆ ಹೋಗಿತ್ತು. ಕೊಂಡವರು ಯಾರೆಂದು ಮಾರಿಸಿದ ದಲ್ಲಾಳಿಗೂ ನೆನಪಿರಲಿಲ್ಲ.

ಆಮೇಲೆ ಮೀನಿನ ಬಂದರು ಕಂಡಲ್ಲೆಲ್ಲ ಅತ್ತಿಗೆ ಐಸ್ ಪ್ಲಾಂಟಿಗೆ ನುಗ್ಗುವರು. ಭಟ್ಕಳದಲ್ಲಿ ಮದುವೆ ಊಟದಿಂದ ರೇಷ್ಮೆ ಸೀರೆಯಲ್ಲೇ ಎದ್ದು ಹೋದರು. ಕಾರವಾರದಲ್ಲಿ ಕಾವಲುಗಾರನ ಹತ್ತಿರ ಬೈಸಿಕೊಂಡರು. ಅಣ್ಣ ರೇಗಿದರೆ, “ಅದ್ ಕೆಟ್ಟ್ ಹೋಗಿದ್ರೆ ನಾ ಬಿಡ್ತಿದ್ದೆ. ಸುಳ್ಳ್ ಹೇಳ್ತಾ ಕೂತಿತ್ತಲೆ” ಅನ್ನುತ್ತಿದ್ದರು. ಹೊಸ ಡಬ್ಬಿಗಳನ್ನು, ಲೆಕ್ಕದಲ್ಲಿ ಸಂಶಯ ಬಂದ ಕೂಡಲೇ ಅಂಕೆ ಆರಿ ಯಂತ್ರ ನಿಲ್ಲುವಂತೆ ಮಾಡಿದರು. “ಗೊತ್ತಿಲ್ದಿರೆ ಗೊತ್ತಿಲ್ಲೆ ಅನ್ಕ್” ಎಂಬುದು ಅವರ ಮಾತು.

ಕಿಡ್ನಿ ಸೋತು ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಮಂಚದವರ ಪೇಪರಿನಲ್ಲಿ ಅತ್ತಿಗೆಗೆ ಉತ್ತರದ ಬಂದರೊಂದರ ಅಮೋನಿಯಾ ಸೋರಿಕೆಯ ಸುದ್ದಿ ಕಂಡಿತು. ನನ್ನಿಂದ ಓದಿಸಿದರು. ಇಬ್ಬರು ತೀರಿಹೋಗಿದ್ದರು, ಕಾರಣ ತಿಳಿದಿಲ್ಲ ಎಂದಿತ್ತು.

“ಹಸ್ರ್ ಅಂಕೆ ಇತ್ತಂಬ್ರಾ?”

“ಬರೀಲಿಲ್ಲೆ ಅತ್ಗಿ.”

“ನೀ ಹೋಯಿ ಕಾಂತ್ಯಾ?”

“ಕಾಂತೆ” ಎಂದು ಮಾತು ಕೊಟ್ಟೆ. ಆ ವಾರವೇ ಅವರು ತೀರಿಕೊಂಡರು.

ಅತ್ತಿಗೆಯ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ನಾನು ಆ ಊರಿಗೆ ಹೋದೆ. ಯಂತ್ರವನ್ನು ಆಗಲೇ ಗುಜರಿಯವರು ಒಯ್ದಿದ್ದರು. ಗೋಡೆಯಲ್ಲಿ ಯಾವುದೋ ಡಬ್ಬಿ ಕೂರಿಸಿದ್ದ ನಾಲ್ಕು ತೂತುಗಳಿದ್ದವು. ಎಲ್ಲರ ಡಬ್ಬಿಗೂ ನಾಲ್ಕೇ ತೂತು. ಹಾಗಾಗಿ ಈಗಲೂ ಹುಡುಕುತ್ತಿದ್ದೇನೆ. ಅದು ಎಲ್ಲಾದರೂ ಉಳಿದಿದ್ದರೆ, ಒತ್ತಡ ಏರದ ಚಳಿಗಾಲವಿಡೀ ಸರಿಯಾದ ಅಂಕೆಯನ್ನೇ ತೋರಿಸುತ್ತದೆ. ನನಗೆ ಊಟ ಸೇರದಿರುವುದು ಸೆಕೆ ಏರುವ ಮಾರ್ಚಿನಿಂದ.