ಸೀಟಿನ ಮ್ಯಾಲಿನ ಗುಂಡಕಲ್ಲು

ನಮ್ಮ ಅಂಗಳದಾಗ ಈಗೂ ಒಂದು ರುಬ್ಬೂ ಗುಂಡಕಲ್ಲು ಬಿದ್ದೈತಿ. ಅದನ್ನ ಕಂಡ್ರ ನನಗ ಮೈ ಉರೀತೈತಿ. ಕಲ್ಲಿನ ಮ್ಯಾಲ ಎಂಥಾ ಸಿಟ್ಟು ಅಂತೀರೇನು? ಕೇಳ್ರಿ.

ಅಮರಗೋಳದಾಗ ನಮ್ಮಪ್ಪಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ತೊಂಬತ್ತರ ದಶಕದಾಗ ಯಾವುದೋ ಬಂಗಲೇದವರು ಹುಲ್ಲು ಕೊಯ್ಯೂ ಪರದೇಶಿ ಗಾಡಿ ಗುಜರಿಗೆ ಹಾಕಾಕ ಹೊಂಟಿದ್ರು. ಅಪ್ಪ ಅದನ್ನ ಮನಿಗೆ ಎಳಕೊಂಡು ಬಂದು ರಿಪೇರಿ ಮಾಡಿದ. ಸಣ್ಣ ಟ್ರ್ಯಾಕ್ಟರಿನ ಹಂಗ ಮ್ಯಾಲ ಕುಂತು ಓಡಸೂದು, ಹೊಟ್ಟಿ ಕೆಳಗ ಬ್ಲೇಡು ತಿರಗತಿತ್ತು. ಓಣಿ ಮಂದಿ ಬಿದ್ದು ಬಿದ್ದು ನಕ್ಕರು. "ಹುಲ್ಲು ಕೊಯ್ಯಾಕೂ ಕುರ್ಚಿ ಬೇಕಾತೇನೋ ನಿನಗ?" ಅಪ್ಪ ತಲಿ ಕೆಡಿಸಿಕೊಳ್ಳಲಿಲ್ಲ. ವಿದ್ಯಾನಗರದ ಕಾಲೇಜು ಮೈದಾನದಾಗ ಹುಲ್ಲು ಕೊಯ್ದು ಬಂದು, ಸಂಜೀಕ ಅಂಗಳದಾಗ ಅದರ ಸೇವಾ ಮಾಡತಿದ್ದ.

ಗಾಡಿ ವಿಷಯದಾಗ ಅಪ್ಪ ಭಾಳ ಬಿಗಿ ಮನಷ್ಯಾ. ಇಂಜಿನ್ ಆರೂತನಕ ಪೆಟ್ರೋಲ್ ಹಾಕತಿರಲಿಲ್ಲ. ಬ್ಲೇಡಿಗೆ ಕೈ ಹಚ್ಚೂ ಮೊದಲ ಪ್ಲಗ್ಗಿನ ವೈರ್ ಬಿಚ್ಚಿ ದೂರ ಸರಸತಿದ್ದ. ನಾ ಹತ್ತರ ಹೋದ್ರ ಗದರತಿದ್ದ: "ಸುಮ್ನ ನಿಂತೈತಿ ಅಂತ ನಂಬಬ್ಯಾಡ. ಅದು ನಿದ್ದಿ ಮಾಡೈತಿ ಅಷ್ಟ." ಸೀಟಿನ ಕೆಳಗ ಒಂದು ಸ್ವಿಚ್ ಇತ್ತು, ಬ್ಲೇಡು ತಿರಗೂವಾಗಾಗಲಿ, ಗಾಡಿ ಸುಮ್ನ ನಿಂತಾಗಾಗಲಿ, ಕುಂತಾಂವ ಎದ್ದ ಕೂಡಲೇ ಇಂಜಿನ್ ಬಂದ್. "ಇದನ್ನ ಮಾಡಿದಾಂವ ಶಾಣ್ಯಾ, ಜೀವದ ಕಿಮ್ಮತ್ತು ಗೊತ್ತೈತಿ ಅವಗ" ಅಂತ ಬಂದವರಿಗೆಲ್ಲಾ ತೋರಸತಿದ್ದ.

ಅವ್ವ ಒಳಗ ರೊಟ್ಟಿ ಬಡಕೋತ, "ಆ ಗಾಡೀನಽ ಲಗ್ನ ಆಗಬೇಕಿತ್ರಿ ನೀವು" ಅಂತಿದ್ಲು.

"ಆಗತಿದ್ದೆ. ಅದಕ್ಕ ನಿನ್ಹಂಗ ರೊಟ್ಟಿ ಬಡಿಯಾಕ ಬರೂದಿಲ್ಲಲ್ಲ!"

ಇಬ್ಬರೂ ನಗತಿದ್ರು.

ಗಾಡಿ ಬಂದ ಮೊದಲನೇ ದಸರಾ. ಖಂಡೇಪೂಜಿ ದಿನ ಅಂಗಡ್ಯಾಗಿನ ಹತ್ಯಾರ, ಮೋಟರು ಎಲ್ಲಾಕ್ಕೂ ಪೂಜಿ. ಮೋಟರು ಚಾಲೂ ಇಟ್ಟು ಆರತಿ ಬೆಳಗೂದು ನಮ್ಮ ಮನಿ ಪದ್ಧತಿ. ದುಡಿಯೂ ಯಂತ್ರಕ್ಕ ಪೂಜಿ, ಮಲಗಿದ್ದಕ್ಕಲ್ಲ. ಅಪ್ಪ ಗಾಡಿ ತೊಳದು ಮೂರು ಬೆರಳಲೆ ವಿಭೂತಿ ಎಳದ. ಅವ್ವ ಚಂಡಹೂವಿನ ಉದ್ದನ ಮಾಲಿ ಹಾಕಿದ್ಲು. ಆದ್ರ ಗಾಡಿ ಚಾಲೂ ಇರಬೇಕಂದ್ರ ಯಾರರ ಮ್ಯಾಲ ಕುಂದರಬೇಕಲ್ಲ! ಪೂಜಿ ಹೊತ್ತಿನ್ಯಾಗ ಅದರ ನೆತ್ತಿ ಮ್ಯಾಲ ಕುಂದರೂದಾ? ಶಿವಶಿವಾ! ಅಪ್ಪ ಎದ್ದ, ಬಂದ್ ಆತು. ಮತ್ತ ಚಾಲೂ ಮಾಡಿ ಎದ್ದ, ಮತ್ತ ಬಂದ್. ಕಡೀಕ ಅಡಗಿಮನಿ ಗುಂಡಕಲ್ಲು ತಂದು, ಅದಕ್ಕೂ ಕುಂಕುಮ ಹಚ್ಚಿ ಸೀಟಿನ ಮ್ಯಾಲ ಇಟ್ಟ. ಕಲ್ಲನ್ನ ಮನಷ್ಯಾ ಅಂತ ತಿಳದು ಗಾಡಿ ಗುರ್ ಅಂದ್ಕೋತ ನಿಂತತು. "ಕೊಯ್ಯೂದಽ ಇದರ ಕಾಯಕ" ಅಂತ ಬ್ಲೇಡು ತಿರಗಸೂ ಹಿಡಿಕೀನೂ ಒತ್ತಿದ. ಅಷ್ಟು ಬಿಗಿ ಮನಷ್ಯಾಗ ಆವತ್ತು ಯಾವ ಮಂಕು ಕವಿದಿತ್ತೋ!

ಅವ್ವ ಆರತಿ ಬೆಳಗಿದ್ಲು. ಅಪ್ಪ ಆ ಕಡೆ ತಿರುಗಿ ಕಾಯಿ ಒಡಿಯಾಕ ಬಗ್ಗಿದ. ಮಾಲಿ ಜಾರಿ ಅದರ ತುದಿ ಗಾಡಿ ಕೆಳಗ ಹೊಂಟತು. ಪೂಜಿ ಮಾಲಿ ಹರಿಯಬಾರದು ಅಂತ ಅವ್ವ ಕೈ ಹಾಕಿದ್ಲು.

ಬಲಗೈಯಾಗ ಹೆಬ್ಬೆಟ್ಟು ಒಂದಽ ಉಳೀತು.

ಗಾಡಿ ಗುಜರಿಗೆ ಹೋತು. ಅಪ್ಪ ರೊಟ್ಟಿ ಬಡಿಯಾಕ ಕಲತ. ದಪ್ಪಗ, ಸೀಳಿ ಹೋದ ರೊಟ್ಟಿ. ಅವ್ವ "ಛಲೋ ಆಗ್ಯಾವ್ರಿ" ಅಂತ ಎಡಗೈಲೆ ಮುರಕೊಂಡು ತಿಂತಿದ್ಲು. ದಿನಾ ಬೆನ್ನ ಹಿಂದ ಕುಂತು ಅಕೀ ಹೆರಳ ಹಾಕತಿದ್ದ. ಎಲ್ಲಾ ಮಾಡತಿದ್ದ, ಆದ್ರ ಆ ಕೈ ಮಾತ್ರ ನೋಡತಿರಲಿಲ್ಲ. ಸೆರಗು ಸರದು ಕೈ ಕಂಡ್ರ ಎದ್ದು ಹೊರಗ ಹೋಗಿಬಿಡತಿದ್ದ. ಚಾಷ್ಟಿ, ನಗಿ ಎಲ್ಲಾ ನಿಂತು ಹೋದ್ವು.

"ಕೈ ಸಲುವಾಗಿ ಅಳೂದು ಎಂದೋ ಮುಗಿಸೇನಿ" ಅಂತ ಅವ್ವ ನನ್ನ ಮುಂದ ಅಂತಿದ್ಲು. "ಒಮ್ಮೆ ನೋಡಲಿ. ಕೈ ಹೋದ್ರ ನಾನೂ ಹೋದೆನೇನು?"

ಒಮ್ಮೆ ನನಗ ತಡೀಲಿಲ್ಲ. "ಅಪ್ಪಾ, ಅಕೀ ಕೇಳೂದು ಅದೊಂದಽ. ಒಮ್ಮೆ ನೋಡಬಾರದೇನು?" ಅಂತ ಜಗಳಾನ ತಗದೆ. "ನೋಡತೇನಿ ಮಗಳ" ಅಂದ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಹಿಂಗಽ ವರ್ಷಗಟ್ಟಲೆ ಹೋತು. ಅವ್ವ ಮನ್ಯಾಗೂ ಕೈ ಸೆರಗಿನ್ಯಾಗ ಸುತ್ತಿ ಇಟ್ಕೊಳ್ಳಾಕ ಹತ್ತಿದ್ಲು, ಆತ ಎದ್ದು ಹೋಗಬಾರದಂತ.

ಎರಡು ಸಾವಿರನೇ ಇಸವಿ ಈಚೆ ಒಂದು ಮುಂಜಾನೆ ಅಪ್ಪ ರೊಟ್ಟಿ ಬಡಿಯೂ ಮುಂದ ಎದಿ ಹಿಡಕೊಂಡು ಕುಂತ. ದವಾಖಾನಿಗೆ ಒಯ್ಯೂ ದಾರ್‍ಯಾಗಽ ಜೀವ ಹೋತು.

ಮಣ್ಣಿಗೆ ಒಯ್ಯೂ ಮೊದಲ, ನಮ್ಮ ಪದ್ಧತಿಯಂಗ, ಪಡಸಾಲ್ಯಾಗ ಅಪ್ಪನ್ನ ಕುಂದರಿಸಿದ್ರು. ಅಪ್ಪನ ಹಣಿಗೆ ಹಚ್ಚಾಕ ಅವ್ವ ಎಡಗೈಲೆ ವಿಭೂತಿ ತಗೊಂಡ್ಲು. ಹಿರೀಕರೊಬ್ಬರು, "ಎಡಗೈ ಬ್ಯಾಡವಾ, ಮಗಳು ಹಚ್ಚಲಿ ಬಿಡು" ಅಂದ್ರು.

ಅವ್ವ ನನ್ನ ಹಿಂದ ಸರಿಸಿದ್ಲು. ಅಷ್ಟು ಮಂದಿ ನಡುವ ಸೆರಗಿನ್ಯಾಗಿಂದ ಬಲಗೈ ಹೊರಗ ತಗದ್ಲು. ಮೂರು ಬೆರಳಿನ ಪಟ್ಟಿ ಎಳಿಯಾಕ ಬೆರಳೆಲ್ಲಿ ಅದಾವು? ಹೆಬ್ಬೆಟ್ಟಲೆ ಒಂದು ಪಟ್ಟಿ ಎಳದ್ಲು, ಅದರ ಕೆಳಗ ಇನ್ನೊಂದು, ಮತ್ತೊಂದು. ಆಮ್ಯಾಲ ಆ ಕೈ ಅಪ್ಪನ ಮಾರಿ ಮುಂದ ಹಿಡದು, "ಈಗರ ನೋಡ್ರಿ" ಅಂದ್ಲು.

ಅಪ್ಪನ ಕಣ್ಣು ಆಗಳೇ ನಾನಽ ಮುಚ್ಚಿದ್ದೆ.